ಗಂಟೆ ಬಾರಿಸದ ಹೆಡ್ಮಾಸ್ಟ್ರು

ಹೆಡ್ಮಾಸ್ಟ್ರ ಎಡ ಮುಂಗೈಯಲ್ಲಿ ನನ್ನ ಮಗಳ ಹಲ್ಲಿನ ಗುರುತು ಕಪ್ಪಗೆ ಉಳಿದುಬಿಟ್ಟಿತ್ತು. ಶಾಲೆಗೆ ಸೇರಿಸಿದ ದಿನ ಪಕ್ಕದಲ್ಲೇ ಗಂಟೆ ಬಾರಿಸಿದಾಗ ಬೆದರಿ ಕಚ್ಚಿದ್ದಳು. ಅವಳಿಗೆ ಮಾತು ಬಾರದು, ಜೋರಾದ ಸದ್ದು ತಡೆಯದು. ಇಲ್ಲಿಯದೂ ಮುಗಿಯಿತು ಎಂದು ನಾನು ಅವಳ ಚೀಲ ಎತ್ತಿಕೊಂಡೆ. ಅವರು ಅಂಗಿಯ ತೋಳನ್ನು ಕೆಳಗೆಳೆದುಕೊಂಡರು.

"ಎಲ್ಲಿಗೆ ಕರಕೊಂಡು ಹೋಗ್ತೀರಿ? ಗಂಟೆ ಬೇಡ ಮಾಡುವ."

ಅಂದಿನಿಂದ ಪಾಠದ ಹೊತ್ತು ಮುಗಿದಾಗಲೆಲ್ಲ ಅವರೇ ತರಗತಿಯಿಂದ ತರಗತಿಗೆ ನಡೆದು, ಬಾಗಿಲಲ್ಲಿ ನಿಂತು ಕೈ ಎತ್ತುತ್ತಿದ್ದರು. ಊರವರು ನಗುತ್ತಿದ್ದರು.

ಸಿಹಿ ಮಾತಿನವರಲ್ಲ. ಒಮ್ಮೆ ಮಗಳ ಕೂದಲು ಕೆದರಿದ್ದು ಕಂಡು ಎಲ್ಲರೆದುರೇ ಗದರಿದರು: "ಬೇರೆ ಮಕ್ಕಳು ತಲೆ ಬಾಚದೆ ಬರ್ತಾರಾ? ಇವಳಿಗಾದರೆ ಹೇಗಿದ್ದರೂ ಸಾಕು ಅಂತಲಾ?"

ಆ ಮಳೆಗಾಲ ಗುಡ್ಡ ಜರಿದು, ನೆರಿಯ ಊರಿನ ನಮ್ಮ ಮನೆಗೂ ನೆರೆಮನೆಗಳಿಗೂ ಹೊಳೆ ನುಗ್ಗಿತು. ಹೆಡ್ಮಾಸ್ಟ್ರ ಶಾಲೆಯೇ ಗಂಜಿ ಕೇಂದ್ರವಾಯಿತು. ತಗಡಿನ ಮಾಡಿನ ಮೇಲೆ ಮಳೆ ಬಡಿದಾಗಲೆಲ್ಲ ಮಗಳು ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ಮರುದಿನ ಮಧ್ಯಾಹ್ನ ನೆರೆಯವರೇ ನಮ್ಮ ಚಾಪೆಯನ್ನು ಎಳೆದು ಜಗಲಿಯ ಎರಚಲಿಗೆ ಹಾಕಿದರು.

"ಇದನ್ನು ಎಲ್ಲಿಯಾದರೂ ಆಸ್ಪತ್ರೆಗೆ ಸೇರಿಸಿ ಮಾರಾಯ್ರೆ. ನಮಗೆ ಮನೆಯೂ ಇಲ್ಲ, ಮೇಲಿಂದ ಇದರ ಬೊಬ್ಬೆ!"

ಹೆಡ್ಮಾಸ್ಟ್ರು ಗಂಜಿ ಬಡಿಸುತ್ತಿದ್ದವರು ಸೌಟು ಇಟ್ಟು ಬಂದರು. ಒದ್ದೆ ಚಾಪೆ ಸುತ್ತಿ ಕಂಕುಳಲ್ಲಿಟ್ಟು, ತಾರಸಿ ಇದ್ದ ಒಂದೇ ಕೋಣೆಗೆ, ತಮ್ಮ ಆಫೀಸಿಗೆ, ನಮ್ಮನ್ನು ಕರೆದೊಯ್ದರು. ಬಾಗಿಲಲ್ಲಿ ತಿರುಗಿ ನಿಂತು ಹೇಳಿದರು: "ಅವಳು ಈ ಶಾಲೆಯ ಹುಡುಗಿ. ಬೊಬ್ಬೆ ತಡೆಯದವರು ಹೋಗಬಹುದು."

ಮನೆ ಕಳೆದುಕೊಂಡವರಿಗೆ ಹೇಳುವ ಮಾತಲ್ಲ ಅದು. ಜನ ಅದನ್ನೇ ಹಿಡಿದರು. ಸಂತ್ರಸ್ತರನ್ನು ಅವಮಾನಿಸಿದರೆಂದು ಮೇಲಿನವರಿಗೆ ದೂರು ಕೊಟ್ಟರು. ಅವರ ಕೈಯಿಂದಲೇ ಗಂಜಿ ಬಡಿಸಿಕೊಂಡು ಉಂಡವರೆಲ್ಲ ಸಹಿ ಹಾಕಿದರು. ನನ್ನ ಗಂಡನೂ ಹಾಕಿದರು. ಯಾಕೆಂದು ಕೇಳಿದರೆ, "ನಾಳೆ ಇದೇ ಊರಲ್ಲಿ ಬದುಕಬೇಕಲ್ಲ?" ಅಂದರು.

ನಿವೃತ್ತಿಗೆ ವರ್ಷವೂ ಇಲ್ಲದ ಹೆಡ್ಮಾಸ್ಟ್ರನ್ನು ದೂರದ ತಾಲೂಕಿಗೆ ಎತ್ತಿ ಹಾಕಿದರು. ಹೊರಡುವ ದಿನ ಗೇಟಿನ ಬಳಿ ನನಗೆ ಹೇಳಿದ್ದು ಇಷ್ಟೇ: "ಏನೇ ಆಗಲಿ, ಶಾಲೆ ಬಿಡಿಸಬೇಡಿ."

ಹೊಸ ಹೆಡ್ಮಾಸ್ಟ್ರು ಬಂದ ಬೆಳಗ್ಗೆಯೇ ಗಂಟೆ ಬಾರಿಸಿದರು. ಮಗಳು ಗೋಡೆಗೆ ಹಣೆ ಚಚ್ಚಿಕೊಂಡಳು. ರಕ್ತ ಒರೆಸುತ್ತಿದ್ದ ನನಗೆ, "ಇನ್ನು ಕರಕೊಂಡು ಬರಬೇಡಿ ಅಮ್ಮ, ನಮ್ಮಿಂದ ಆಗುವುದಿಲ್ಲ" ಎಂದರು. ಅಲ್ಲಿಗೆ ಮುಗಿಯಿತು. ಬೇರೆ ಯಾವ ಶಾಲೆಯೂ ತೆಗೆದುಕೊಳ್ಳಲಿಲ್ಲ.

ಹೆಡ್ಮಾಸ್ಟ್ರು ಬೆಳುವಾಯಿಯ ತಮ್ಮ ಮನೆಯಲ್ಲಿ ಎದೆನೋವಿನಿಂದ ತೀರಿಕೊಂಡರೆಂದು ತಡವಾಗಿ ತಿಳಿಯಿತು. ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಹೆಣ ಎತ್ತಿ ಆಗಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು:

"ಕೆಲಸದಲ್ಲಿ ಅಷ್ಟು ನೋವಾದರೂ ಆ ಮಗು ಶಾಲೆಯಲ್ಲಿ ಉಂಟಲ್ಲ ಅಂತ ಸಮಾಧಾನ ಮಾಡಿಕೊಳ್ತಿದ್ದರು. ಹೋಗ್ತಾಳಲ್ಲ ಈಗಲೂ?"

ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು.

"ಹೋಗ್ತಾಳೆ ಅಕ್ಕ," ಅಂದೆ.