ಮಡಚದೆ ಕತ್ತರಿಸಿದ ಬಟ್ಟೆ

ಮೊದಲು ಬಿಗಿಯಾದದ್ದು ಬ್ಲೌಸಿನ ಎಡಗಡೆ.

ನಾನು ದರ್ಜಿ. ಮಧುಗಿರಿ ಪೇಟೆಯಲ್ಲಿ ನಲವತ್ತು ವರ್ಷದಿಂದ ಹೆಂಗಸರ ಬ್ಲೌಸು ಹೊಲಿಯುತ್ತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಟೇಪಿನ ಮೇಲಿನ ಅಂಕಿ ಓದಲು ಅಷ್ಟು ಸಾಕು. ಬ್ಲೌಸು ಬಿಗಿಯಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಬಿಟ್ಟಿದ್ದ ಒಂದು ಹೊಲಿಗೆ ಬಿಚ್ಚಿದೆ. ಎರಡು ತಿಂಗಳಿಗೆ ಮತ್ತೆ ಬಿಗಿಯಾಯಿತು. ಇನ್ನೊಂದು ಹೊಲಿಗೆ ಬಿಚ್ಚಿದೆ. ಎಡಗಡೆ ಮಾತ್ರ ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಬೇರೆ ಹೆಂಗಸು ಬಂದು ಒಂದೇ ಕಡೆ ಬಿಗಿ ಅಂದಿದ್ದರೆ ತಕ್ಷಣ ಕೇಳುತ್ತಿದ್ದೆ. ಗಿರಾಕಿಯ ಮೈ ಗಮನಿಸಿದಷ್ಟು ನನ್ನ ಮೈಯನ್ನು ನಾನು ಗಮನಿಸಿರಲಿಲ್ಲ.

ಮೂರನೇ ಸಲಕ್ಕೆ ಬಿಚ್ಚಲು ಹೊಲಿಗೆ ಉಳಿದಿರಲಿಲ್ಲ. ಆಗ ಕೈಯಿಟ್ಟು ನೋಡಿದೆ. ಸಣ್ಣ ನಿಂಬೆಹಣ್ಣಿನಷ್ಟು ಗಂಟು. ನೋವಿಲ್ಲ.

ನೋವಿಲ್ಲದ ಗಂಟನ್ನು ನಂಬಬಾರದು. ಇದನ್ನು ಓದುವ ಹೆಂಗಸರು ಇಷ್ಟು ನೆನಪಿಟ್ಟುಕೊಂಡರೆ ಮುಂದೆ ಓದದಿದ್ದರೂ ಪರವಾಗಿಲ್ಲ.

ನನ್ನ ಸೊಸೆ ಸುಮ ಕೋರ್ಟಿನ ಎದುರಿಗೆ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದಾಳೆ. ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಆದ್ದರಿಂದ ತುಮಕೂರಿಗೆ ಕರೆದುಕೊಂಡು ಹೋದವಳು ಸುಮ. ಸ್ಕ್ಯಾನಿಂಗ್ ಆಯಿತು, ಬಯಾಪ್ಸಿ ಆಯಿತು. ಒಂದು ವಾರ ಬಿಟ್ಟು ರಿಪೋರ್ಟ್ ಬಂತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅದನ್ನು ಓದಿ, ಸುಮನ ಮುಖ ನೋಡಿದರು.

"ನನ್ನ ನೋಡಿ ಹೇಳಿ," ಅಂದೆ. "ಕಾಯಿಲೆ ನಂದು."

"ಅಮ್ಮ, ಇದು ಕ್ಯಾನ್ಸರ್. ಎಡಗಡೆ ಎದೆ ಪೂರ್ತಿ ತೆಗೆಯಬೇಕಾಗುತ್ತೆ."

"ತೆಗೀರಿ. ಕೈ ಮಾತ್ರ ಉಳಿಸ್ಕೊಡಿ. ನಾನು ಕತ್ರಿ ಹಿಡಿಯೋಳು."

ತೆಗೆದರು. ಪಕ್ಕದಲ್ಲಿ ಡ್ರೇನ್ ಎಂಬ ಟ್ಯೂಬು ಹಾಕಿ ಅದಕ್ಕೊಂದು ಡಬ್ಬಿ ಕಟ್ಟಿದ್ದರು. ಹತ್ತು ದಿನ ಆ ಡಬ್ಬಿಯನ್ನು ಎಲ್ಲಿ ಹೋದರೂ ಜೊತೆಗೇ ಹಿಡಿದುಕೊಂಡು ಓಡಾಡಿದೆ. ಆಮೇಲೆ ಕೀಮೋ. ಕೂದಲು ಹೋಯಿತು, ನಾಲಿಗೆ ರುಚಿ ಹೋಯಿತು, ಮುದ್ದೆಯ ವಾಸನೆ ಬಂದರೆ ಎದ್ದು ಆಚೆ ಹೋಗುತ್ತಿದ್ದೆ. ಇದೆಲ್ಲ ಎಲ್ಲರಿಗೂ ಆಗುವುದೇ, ಅದನ್ನು ಉದ್ದ ಬರೆಯುವುದಿಲ್ಲ.

ಒಂದು ಮಾತು ಮಾತ್ರ ಬರೆಯಬೇಕು. ಆರು ತಿಂಗಳು ನನ್ನ ಎದೆಯನ್ನು ಮನೆಯವರು ಯಾರೂ ನೋಡಲು ನಾನು ಬಿಡಲಿಲ್ಲ. ಬಾಗಿಲಿಗೆ ಚಿಲಕ ಹಾಕಿ, ಮುಂದೆ ಜಿಪ್ ಇರುವ ನೈಟಿಯನ್ನು ಒಬ್ಬಳೇ ಹಾಕಿಕೊಳ್ಳುತ್ತಿದ್ದೆ. ಸುಮ ಬಾಗಿಲಾಚೆ ನಿಂತು "ಆಯ್ತಾ ಅತ್ತೆ?" ಅನ್ನುತ್ತಿದ್ದಳು. "ಆಯ್ತು ಹೋಗೇ," ಅನ್ನುತ್ತಿದ್ದೆ. ಆಗಿರುತ್ತಿರಲಿಲ್ಲ.

ಕಷ್ಟ ಶುರುವಾದದ್ದು ರೇಡಿಯೇಷನ್ ಬಂದಾಗ. ಇಪ್ಪತ್ತೈದು ದಿನ, ಭಾನುವಾರ ಬಿಟ್ಟು ದಿನವೂ ತುಮಕೂರಿಗೆ ಹೋಗಿ ಬರಬೇಕು. ಮಿಷನ್ ಕೆಳಗೆ ಮಲಗುವುದು ಐದೇ ನಿಮಿಷ. ಹೊರಡುವುದಕ್ಕೆ ಒಂದು ಗಂಟೆ. ನೈಟಿಯ ಮೇಲೆ ಟವೆಲ್ ಹೊದ್ದು ಪೇಟೆಗೆ ಬರುವ ಹೆಂಗಸರನ್ನು ನಾನೇ ಬೈದಿದ್ದೇನೆ, ಈಗ ಹಾಗೆ ಬಸ್ಸು ಹತ್ತಲೇ? ಸೀರೆ ಉಡಬೇಕು. ಸೀರೆಗೆ ಬ್ಲೌಸು ಬೇಕು. ಎಡಗೈ ಊದಿಕೊಂಡಿತ್ತು, ತೋಳು ಹತ್ತುತ್ತಿರಲಿಲ್ಲ. ಬಿಗಿ ತೋಳು ಹಾಕಲೇಬಾರದೆಂದು ಡಾಕ್ಟರೂ ಹೇಳಿದ್ದರು. ಹೊಲಿಗೆ ಬಿಚ್ಚಿ ಹತ್ತಿಸಿದರೆ ಹುಕ್ಕು ಹಾಕಲು ಎಡಗೈ ಬಾಗುತ್ತಿರಲಿಲ್ಲ. ಹಾಕಿದರೆ ಹುಕ್ಕಿನ ಪಟ್ಟಿ ಗಾಯದ ಮೇಲೆ ಉಜ್ಜುತ್ತಿತ್ತು. ಮೇಲಿನ ಎರಡು ಹುಕ್ಕು ಮಾತ್ರ ಹಾಕಿ, ಸೆರಗು ಸುತ್ತಿ, ಜಾರಿದರೆ ಎಳೆದುಕೊಡಲು ಸುಮನನ್ನು ಪಕ್ಕದಲ್ಲಿಟ್ಟುಕೊಂಡು ಹೋಗುತ್ತಿದ್ದೆ. ಅವಳ ಅಂಗಡಿ ಮುಚ್ಚಿತು. ವಕೀಲರು ಕಾಯುವವರಲ್ಲ, ಪಕ್ಕದ ಅಂಗಡಿಗೆ ಹೋಗತೊಡಗಿದರು.

ಏಳನೇ ದಿನ ಬ್ಲೌಸಿನ ಜೊತೆ ಅರ್ಧ ಗಂಟೆ ಗುದ್ದಾಡಿ, ಮಂಚದ ಮೇಲೆ ಕೂತುಬಿಟ್ಟೆ.

"ನಾನ್ ಬರಲ್ಲ. ಇಷ್ಟೇ ಸಾಕು."

ಎಂಟನೇ ದಿನವೂ ಹೋಗಲಿಲ್ಲ. ಡಾಕ್ಟರೇ ಫೋನ್ ಮಾಡಿದರು. "ಅಮ್ಮ, ಮಧ್ಯ ಬಿಟ್ಟರೆ ಇಲ್ಲಿವರೆಗೆ ಮಾಡಿದ್ದಕ್ಕೂ ಅರ್ಥ ಇರಲ್ಲ. ಯಾಕೆ ಬರ್ತಿಲ್ಲ?"

ಬ್ಲೌಸು ಹಾಕಿಕೊಳ್ಳಲು ಆಗುತ್ತಿಲ್ಲ ಎಂದು ದರ್ಜಿಯಾದವಳು ಹೇಗೆ ಹೇಳುವುದು? "ತಲೆ ಸುತ್ತು," ಅಂದೆ.

ಫೋನಿಟ್ಟಾಗ ಮೊಮ್ಮಗಳು ಚೈತ್ರ ಎದುರಿಗಿದ್ದಳು. ಪಿಯುಸಿ ಓದುತ್ತಾಳೆ, ಬಾಯಿ ನನ್ನದೇ.

"ತಲೆ ಸುತ್ತೂ ಇಲ್ಲ ಏನೂ ಇಲ್ಲ. ಬ್ಲೌಸಿಗೆ ಸೋತ್ಬುಟ್ಟೆ ಅನ್ನಜ್ಜಿ."

"ಲೇ, ಬಾಯ್ ಮುಚ್ಚು."

"ಇದನ್ನ ಎಳ್ದು ನೋಡು." ಹಾಕಿಕೊಂಡಿದ್ದ ಟೀ ಶರ್ಟಿನ ಅಂಚನ್ನು ನನ್ನ ಕೈಗಿಟ್ಟಳು. "ಹುಕ್ಕಿಲ್ಲ, ಗುಂಡಿ ಇಲ್ಲ. ಇಂಗೆ ಎಳುದ್ರೆ ಬರ್ತೈತೆ, ಬುಟ್ರೆ ಅಂಗೇ ಕೂತ್ಕಳ್ತೈತೆ. ಇದ್ರಲ್ಲಿ ಒಂದು ಹೊಲ್ಕೊ."

ಬನಿಯನ್ ಬಟ್ಟೆ. ನಲವತ್ತು ವರ್ಷದಲ್ಲಿ ಅದನ್ನು ಮಿಷನ್ನಿಗೆ ಕೊಟ್ಟವಳಲ್ಲ ನಾನು. ಅದು ಬಟ್ಟೆಯೇ ಅಲ್ಲ ಎಂಬ ಲೆಕ್ಕ ನನ್ನದು. ಆದರೂ ಎಳೆದು ನೋಡಿದೆ. ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಿಲ್ಲ. ಅಂದರೆ ಹಿಗ್ಗುವ ಕಡೆ ಮೈ ಸುತ್ತ ಬರುವ ಹಾಗೆ ಕತ್ತರಿಸಬೇಕು. ಕಾಯಿಲೆ ಬಂದ ಮೇಲೆ ಮೊದಲ ಸಲ ನನ್ನ ತಲೆ ಕಾಯಿಲೆ ಬಿಟ್ಟು ಬೇರೆ ಕಡೆ ಓಡಿತು.

ಚೈತ್ರ ಕಟ್‌ಪೀಸ್ ಅಂಗಡಿಯಿಂದ ಮಾವಿನೆಲೆ ಹಸಿರಿನ ಬಟ್ಟೆ ತಂದಳು. ನನ್ನ ಸೂಜಿಗೆ ಆ ಬಟ್ಟೆ ಬಗ್ಗಲಿಲ್ಲ. ಹೊಲಿಗೆ ಒಂದು ಬಿದ್ದರೆ ಎರಡು ಬೀಳುತ್ತಿರಲಿಲ್ಲ. ತುದಿ ಮೊಂಡಾದ ಸೂಜಿ ಬೇಕು, ಎಳೆಗಳನ್ನು ಚುಚ್ಚದೆ ಪಕ್ಕಕ್ಕೆ ಸರಿಸುವಂಥದ್ದು. ಅದನ್ನೂ ತರಿಸಿದೆ. ಹೊಲಿದು ಎಳೆದರೆ ನೂಲು ಟಪ್ಪನೆ ಕಿತ್ತಿತು. ನೂಲು ಸಡಿಲ ಮಾಡಿ, ಬಟ್ಟೆಯನ್ನು ಹಿಂದೆ ಮುಂದೆ ತುಸು ಎಳೆದು ಹಿಡಿದು ಹೊಲಿದೆ. ಕಿತ್ತುಹೋಗಲಿಲ್ಲ. ಅಂಚು ಸುರುಳಿ ಸುತ್ತಿದಾಗ ಕೆಳಗೆ ಪೇಪರ್ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆದೆ. ಎಡಗೈ ನೋಯುತ್ತಿತ್ತು. ನೋಯಲಿ, ಕೆಲಸವನ್ನಂತೂ ಮಾಡುತ್ತಿತ್ತು.

ಎಲ್ಲ ಸರಿಯಾಗಿ ಮಾಡಿ, ಒಂದು ತಪ್ಪು ಮಾಡಿದೆ. ನಮ್ಮ ಕಸುಬಿನಲ್ಲಿ ಯಾರೂ ಮೈಗೆ ಟೇಪು ಹಿಡಿಸಿಕೊಳ್ಳುವುದಿಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ತಂದುಕೊಡುತ್ತಾರೆ, ಅದು ಅಳತೆ ಬ್ಲೌಸು. ಅದನ್ನು ಹಾಸಿ, ಹೊಸ ಬಟ್ಟೆಯನ್ನು ಎರಡಾಗಿ ಮಡಚಿ, ಎರಡೂ ಕಡೆ ಒಂದೇ ಸಮ ಕತ್ತರಿಸುತ್ತೇವೆ. ನನ್ನದೂ ಒಂದು ಅಳತೆ ಬ್ಲೌಸು ಟ್ರಂಕಿನಲ್ಲಿತ್ತು. ಕೈಗೆ ರೂಢಿ. ತೆಗೆದೆ, ಹಾಸಿದೆ, ಕತ್ತರಿಸಿದೆ.

ಮಾರನೆಯ ಬೆಳಿಗ್ಗೆ ಚಿಲಕ ಹಾಕಿ, ಹೊಸದನ್ನು ತಲೆಯ ಮೇಲಿಂದ ಎಳೆದುಕೊಂಡೆ. ಕತ್ತು ಎಡಕ್ಕೆ ಜಗ್ಗಿತು. ಎಡಗಡೆ ಬಟ್ಟೆ ಖಾಲಿ ಚೀಲದ ಹಾಗೆ ನೇತುಬಿತ್ತು. ತೆಗೆಯೋಣವೆಂದು ಎತ್ತಿದರೆ ಅರ್ಧದಲ್ಲಿ ಕೈ ಸಿಕ್ಕಿಕೊಂಡಿತು. ತಲೆ ಒಳಗೆ, ಒಂದು ಕೈ ಮೇಲೆ, ಒಂದು ಕೈ ಕೆಳಗೆ.

"ಸುಮಾ! ಲೇ ಸುಮಾ!"

"ಏನತ್ತೆ? ಬಾಗ್ಲು ತೆಗೀರಿ!"

"ಎಲ್ಲೈತೆ ಬಾಗ್ಲು? ಮುಖದ್ ಮೇಲೆ ಬಟ್ಟೆ ಐತೆ ಕಣೇ!"

"ಗೋಡೆ ಹಿಡ್ಕಂಡು ಬನ್ನಿ. ನನ್ ಮಾತಿನ್ ಕಡೀಕೆ ಬನ್ನಿ."

ಬೀರುವಿಗೆ ಒಂದು ಸಲ, ಮಂಚಕ್ಕೆ ಒಂದು ಸಲ ಡಿಕ್ಕಿ ಹೊಡೆದು ಚಿಲಕ ತೆಗೆದೆ. ಸುಮ ಒಳಗೆ ಬಂದು ಬಟ್ಟೆಯನ್ನು ಮೆಲ್ಲಗೆ ಮೇಲೆತ್ತಿ ಬಿಡಿಸಿದಳು. ನಾನು ಲಂಗದಲ್ಲಿ ನಿಂತಿದ್ದೆ.

ಅವಳು ನೋಡಿದಳು.

ಕಣ್ಣು ಪಕ್ಕಕ್ಕೆ ತಿರುಗಿಸಲಿಲ್ಲ. ಅಯ್ಯೋ ಅನ್ನಲಿಲ್ಲ. ಬಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಅಳತೆ ತಪ್ಪೈತಲ್ಲತ್ತೆ," ಅಂದಳು.

"ಕೀ ಒತ್ತೋಳು ನೀನು, ನಂಗೆ ಅಳತೆ ಹೇಳ್ಕೊಡ್ತೀಯಾ?"

"ಹೇಳ್ತಿರೋದು ಬಟ್ಟೆ, ನಾನಲ್ಲ. ಯಾವುದ್ರಲ್ಲಿ ಅಳತೆ ತಗಂಡ್ರಿ?"

"ನನ್ ಅಳತೆ ಬ್ಲೌಸಲ್ಲಿ."

"ಅದು ಯಾವಾಗಿಂದು?"

ಎರಡೂ ಎದೆ ಇದ್ದಾಗಿನದು. ಅವಳೇ ಮಿಷನ್ನಿನ ಖಾನೆಯಿಂದ ಟೇಪು ತಂದಳು. "ಹೇಳಿ. ಎಲ್ಲಿಂದ ಎಲ್ಲಿಗಂಟ ಹಿಡೀಲಿ?"

ಹೆಗಲಿಂದ ಗಾಯದವರೆಗೆ. ಗಾಯದಿಂದ ಸೊಂಟಕ್ಕೆ. ನಡು ಎದೆಯಿಂದ ಎಡ ಪಕ್ಕಕ್ಕೆ, ನಡು ಎದೆಯಿಂದ ಬಲ ಪಕ್ಕಕ್ಕೆ, ಬೇರೆ ಬೇರೆ. ನಾನು ಹೇಳುತ್ತಾ ಹೋದೆ, ಅವಳು ಹಿಡಿದು, ಓದಿ, ಕ್ಯಾಲೆಂಡರಿನ ಹಿಂದೆ ಬರೆದಳು. ಎಡಕ್ಕೂ ಬಲಕ್ಕೂ ಎರಡೂವರೆ ಇಂಚು ವ್ಯತ್ಯಾಸ. ಆರು ತಿಂಗಳು ಮುಚ್ಚಿಟ್ಟಿದ್ದು ಎರಡೂವರೆ ಇಂಚು. ಆಗ ಅಳು ಬಂತೇ ಎಂದು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುವಾಗ ಚೈತ್ರ ಕೇಳಿದಳು. ಇಲ್ಲ. ಟೇಪು ತಣ್ಣಗಿತ್ತು, ಅಷ್ಟೇ.

ಅವತ್ತು ಬಟ್ಟೆಯನ್ನು ಮಡಚದೆ, ಅಗಲಕ್ಕೆ ಪೂರ್ತಿ ಹಾಸಿ ಕತ್ತರಿಸಿದೆ. ನನ್ನ ಕಸುಬಿನಲ್ಲಿ ಅದೇ ಮೊದಲು. ಮೊದಲು ಕಾಗದದಲ್ಲಿ ಆಕಾರ ಮಾಡಿಕೊಂಡೆ. ಬಲಕ್ಕೆ ಎದೆಯಿರುವಷ್ಟು, ಎಡಕ್ಕೆ ಇಲ್ಲದಷ್ಟು. ಒಳಗೆ ಹತ್ತಿಯ ಚೀಲ ಇಟ್ಟುಕೊಳ್ಳಬಹುದು ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿದ್ದರು. ಇಟ್ಟುಕೊಳ್ಳುವವರು ಇಟ್ಟುಕೊಳ್ಳಲಿ. ನನಗೆ ಸೆಕೆ. ಆದರೆ ನೋಡಲು ಚೆನ್ನಾಗಿರಬೇಕು ಎಂಬ ಹಟ ನನಗೂ ಉಂಟು. ನಲವತ್ತು ವರ್ಷ ಊರಿನ ಹೆಂಗಸರ ಇಳಿದ ಹೆಗಲು, ಬಾಗಿದ ಬೆನ್ನು, ಮುಂದೆ ಬಂದ ಹೊಟ್ಟೆ ಎಲ್ಲವನ್ನೂ ಅಂದವಾಗಿ ಕೂರಿಸಿದ ಕೈ ಇದು. ಎಡ ಪಕ್ಕದ ಹೊಲಿಗೆಯಲ್ಲಿ ಸಣ್ಣ ನೆರಿಗೆ ಕೂಡಿಸಿ, ಅವು ಓರೆಯಾಗಿ ಬಲ ಹೆಗಲಿನ ಕಡೆಗೆ ಹೋಗುವ ಹಾಗೆ ಬಿಟ್ಟೆ. ಚಪ್ಪಟೆ ಇರುವ ಕಡೆ ಬಟ್ಟೆ ತಾನೇ ತುಂಬಿಕೊಂಡಿತು. ನೋಡುವವರ ಕಣ್ಣು ನೆರಿಗೆ ಹಿಡಿದು ಹೆಗಲಿಗೆ ಹೋಗುತ್ತದೆ, ಎದೆಯ ಮೇಲೆ ನಿಲ್ಲುವುದಿಲ್ಲ. ಕತ್ತು ಅಗಲ ಇಟ್ಟೆ. ಎಡತೋಳು ದೊಗಳೆ. ಹೆಗಲು ಜೋಲದಂತೆ ಒಳಗೊಂದು ಕಾಟನ್ ಪಟ್ಟಿ ಕೊಟ್ಟೆ.

ಹಾಕುವುದಕ್ಕೂ ಒಂದು ಕ್ರಮ ಕಂಡುಕೊಂಡೆ. ಮೊದಲು ನೋವಿರುವ ಕೈ, ಆಮೇಲೆ ತಲೆ, ಕೊನೆಗೆ ಒಳ್ಳೆ ಕೈ. ತೆಗೆಯುವಾಗ ಇದರ ಉಲ್ಟಾ. ಎರಡು ನಿಮಿಷ.

ಮಾರನೆಯ ದಿನ ತುಮಕೂರಿಗೆ ಹೊರಡಲು ಸೀರೆ ಉಟ್ಟು ಹೊರಗೆ ಬಂದೆ. ಸುಮ ಫೈಲು ಹಿಡಿದು ನಿಂತಿದ್ದಳು. ಮೇಲಿಂದ ಕೆಳಗೆ ನೋಡಿದಳು.

"ಹೆಂಗೈತೆ?"

"ನನಗೂ ಒಂದು ಹೊಲ್ದುಕೊಡಿ ಅನ್ನೋ ಅಂಗೈತೆ."

"ನಿಂಗ್ಯಾಕೆ? ನಿನ್ ಮೈ ನೆಟ್ಟಗೈತೆ. ಫೈಲು ಇತ್ಲಾಗ್ ಕೊಡು, ಹೋಗಿ ಅಂಗಡಿ ತೆಗಿ."

ಬಸ್ ಸ್ಟ್ಯಾಂಡಿನವರೆಗೆ ಬಂದಳು. ಅಲ್ಲಿಂದ ವಾಪಸ್ ಕಳಿಸಿದೆ.

ಒಂಟಿಯಾಗಿ ಹೋಗಲು ಶುರು ಮಾಡಿದ ಮೂರನೇ ದಿನ, ರೇಡಿಯೇಷನ್ ಸಾಲಿನಲ್ಲಿ ಪಾವಗಡದ ಕಡೆಯ, ತೆಲುಗು ಬೆರೆಸಿ ಮಾತಾಡುವ ನರಸಮ್ಮ ಎಂಬಾಕೆ ನನ್ನ ತೋಳು ಮುಟ್ಟಿ ನೋಡಿದಳು. ಅವಳಿಗೆ ಬಲಗಡೆ ಆಪರೇಷನ್ ಆಗಿತ್ತು.

"ಅಕ್ಕಾ, ಈ ಜಾಕೆಟ್ಟು ಎಕ್ಕಡ ತಗಂಡೆ? ಶಾನಾ ಬಾಗುಂದಿ ಕಣಕ್ಕಾ."

"ಎಲ್ಲೂ ಸಿಗಲ್ಲ. ನಾನೇ ಹೊಲ್ದಿದ್ದು."

"ನಾಕೂ ಒಕಟಿ ಹೊಲ್ಕೊಡ್ತೀಯಾ?"

ಬಟ್ಟೆ ಬದಲಿಸುವ ರೂಮಿನಲ್ಲೇ ಅವಳ ಅಳತೆ ಹಿಡಿದೆ. ಮನೆಗೆ ಬಂದು ನನ್ನ ಕಾಗದವನ್ನೇ ಮಗುಚಿ ಹಾಕಿದೆ, ಎಡ ಬಲವಾಯಿತು. ಪಕ್ಕದಲ್ಲಿ ಒಂದಿಂಚು ಕೂಡಿಸಿದೆ, ಬಟ್ಟೆಯ ಹಿಗ್ಗು ಉಳಿದದ್ದನ್ನು ನೋಡಿಕೊಂಡಿತು. ಅದೇ ಕಾಗದದಲ್ಲಿ ನನಗೆ ಇನ್ನೂ ಎರಡು ಆದವು. ಸೊಂಟಕ್ಕೆ ನಿಲ್ಲಿಸಿದರೆ ಸೀರೆಗೆ, ತೊಡೆಯವರೆಗೆ ಬಿಟ್ಟರೆ ಮನೆಯಲ್ಲಿ ಲಂಗದ ಮೇಲೆ. ರೇಡಿಯೇಷನ್‌ನಿಂದ ಎದೆಯ ಚರ್ಮ ಕಪ್ಪಾಗಿ ಉರಿಯುತ್ತಿದ್ದಾಗ, ಮೈಮೇಲೆ ತಡೆದುಕೊಳ್ಳಲು ಆದದ್ದು ಅದೊಂದೇ ಬಟ್ಟೆ.

ಕೊನೆಯ ದಿನ ಸಿಸ್ಟರ್ ಒಂದು ಫಾರಂ ಕೊಟ್ಟರು. ಮುಗಿಸಿ ಹೋಗುವವರು ತುಂಬಬೇಕಂತೆ. ಜೊತೆಗೆ ಬಂದವರ ಹೆಸರು ಎಂದು ಒಂದು ಸಾಲಿತ್ತು. ನಿಧಾನಕ್ಕೆ ಅಕ್ಷರ ಕೂಡಿಸಿ ಬರೆದುಕೊಟ್ಟೆ.

"ಅಜ್ಜಿ, ಇಲ್ಲೂ ನಿಮ್ಮ ಹೆಸರೇ ಬರ್ದಿದೀರಲ್ಲ?"

"ಬಂದಿರೋಳು ನಾನೊಬ್ಳೇ ಕಣಮ್ಮ. ಇನ್ಯಾರ್ ಹೆಸರು ಬರೀಲಿ?"

ಡಾಕ್ಟರು ಗಾಯ ನೋಡಿದರು, ಕೈ ಎತ್ತಿಸಿ ನೋಡಿದರು. ಕಿವಿಯವರೆಗೆ ಹೋಯಿತು. ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಪೂರ್ತಿ ವಾಸಿಯಾಯಿತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಹುಡುಗಿ ಸುಳ್ಳು ಹೇಳುವವಳಲ್ಲ, ಅದಕ್ಕೆ ನನಗೆ ಅವಳ ಮೇಲೆ ಗೌರವ. ವಾಸಿಯಾಯಿತಾ ಎಂದು ಸುಮ ಕೇಳಿದರೆ ಏನೆಂದು ಹೇಳಲಿ? ಅವಳ ಅಂಗಡಿಗೆ ವಕೀಲರು ಒಬ್ಬೊಬ್ಬರೇ ವಾಪಸ್ ಬರುತ್ತಿದ್ದಾರೆ. ನನಗೆ ಅಷ್ಟಾದರೆ ಸಾಕು.

ಸಂಜೆಯ ಬಸ್ಸು ತುಂಬಿತ್ತು. ಯಾರೂ ಎದ್ದು ಸೀಟು ಕೊಡಲಿಲ್ಲ. ನೋಡಿದರೆ ಕಾಯಿಲೆಯವಳ ಹಾಗೆ ಕಾಣುತ್ತಿರಲಿಲ್ಲವೇನೋ. ಬಲಗೈಯಲ್ಲಿ ಕಂಬಿ ಹಿಡಿದು, ಫೈಲನ್ನು ಎಡಗೈಯಲ್ಲಿ ಇಟ್ಟುಕೊಂಡು ಕೊರಟಗೆರೆಯವರೆಗೂ ನಿಂತೇ ಬಂದೆ. ಅಲ್ಲಿ ಒಂದು ಸೀಟು ಖಾಲಿಯಾಯಿತು. ಕೂತೆ.