ಗೋಡೆಗೆ ಬಂದ ಪರದೇಶದ ಹೆಂಗಸು

ನನಗೆ ಅನುಮಾನ ಜಾಸ್ತಿ. ನಮ್ಮದೇ ಹಸುವಿನ ಹಾಲನ್ನೂ ನೀರು ಬೆರೆತಿದೆಯೇನೋ ಎಂದು ಬೆರಳಿಗೆ ಹಚ್ಚಿ ನೋಡುವವಳು ನಾನು. ಹೀಗಿರುವಾಗ ಮಕ್ಕಳೇ, ನಿಮ್ಮ ಕಾವ್ಯಕ್ಕ ಮೈಸೂರಿನ ಚಿತ್ರಕಲಾ ಕಾಲೇಜಿನಿಂದ ಒಬ್ಬ ಪರದೇಶದ ಹೆಂಗಸಿನ ಪಟ ತಂದು ನಡುಮನೆಯಲ್ಲಿ ನೇತುಹಾಕಿದರೆ ಸುಮ್ಮನಿರುವುದು ಹೇಗೆ?

ಫ್ರಾನ್ಸ್ ದೇಶದಲ್ಲಿ ಬಹಳ ಹಿಂದೆ ಬರೆದ ಚಿತ್ರದ ಅಚ್ಚುಪ್ರತಿಯಂತೆ. ಹೂಬಳ್ಳಿಯ ಗೋಡೆ, ಕೆಂಪು ಕುರ್ಚಿ, ಅದರಲ್ಲಿ ಆಕೆ. ಪಕ್ಕದ ಮೇಜು ಈಗಲೋ ಆಗಲೋ ಉರುಳುವಂತಿದೆ. ಕೆನ್ನೆಯೆಲ್ಲ ಹಸಿರು, ಕಾಮಾಲೆಯೇ ಇರಬೇಕು. ಅದೂ ಹೋಗಲಿ, ಹಾಡುಹಗಲಲ್ಲಿ ಮನೆಯೊಡತಿ ಕೈಕಟ್ಟಿ ಕೂತಿದ್ದಾಳೆ! ಆ ಮನೆಯಲ್ಲಿ ಒಲೆ ಹಚ್ಚುವವರು ಯಾರು?

ಮಾರನೆಯ ದಿನ ಹೆಪ್ಪಿಗೆಂದು ಬಂದ ಪಕ್ಕದ ಮನೆಯ ಪುಟ್ಟಮ್ಮಕ್ಕ ಪಟ ನೋಡಿದವಳೇ ಕೈಲಿದ್ದ ಚೆಂಡುಹೂವನ್ನು ಅದಕ್ಕೆ ಸಿಕ್ಕಿಸಿ ಕೈಮುಗಿದಳು.

"ಯಾವಾಗ ತೀರ್ಕೊಂಡ್ರಮ್ಮಿ? ನಮ್ಗೊಂದ್ ಮಾತು ಏಳ್ಬಾರ್ದಾ?"

"ದೂರದೋರು ಕಣಕ್ಕ," ಎಂದೆ ನಾಚಿಕೆಯಿಂದ.

"ದೂರದೋರಾದ್ರೇನು, ಸೂತ್ಕಕ್ಕೆ ತಲೆಗ್ ನೀರ್ ಆಕೊಂಡ್ರಾ ಇಲ್ವಾ?"

ಅವಳ ತಪ್ಪೇನೂ ಇಲ್ಲ. ದೇವರನ್ನು ಬಿಟ್ಟರೆ ನಮ್ಮ ಮಂಡ್ಯದ ಕೊಪ್ಪದಲ್ಲಿ ಗೋಡೆ ಹತ್ತುವುದು ಸತ್ತವರೇ. ನಿಮ್ಮ ತಾತನದೂ ಹಾಗೇ, ಯಾರದೋ ಮದುವೆಯ ಗುಂಪು ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅವರ ಹೆಗಲ ಮೇಲೆ ಇಂದಿಗೂ ಯಾರದೋ ನಾಲ್ಕು ಬೆರಳಿವೆ.

ಅದಕ್ಕೇ ಕಾವ್ಯ "ಅಜ್ಜಿ, ನಿನ್ನನ್ನೂ ಹಿಂಗೇ ಬರೀತೀನಿ, ಕೂತ್ಕೋ" ಎಂದಾಗ ನನ್ನ ಅನುಮಾನ ಎದ್ದು ಕೂತಿತು. ಮೊನ್ನೆ ಮಂಡ್ಯದ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ನನ್ನ ಮಗನ ಹತ್ತಿರ ಏನೋ ಹೇಳಿದ್ದರಲ್ಲ?

"ನಿಜ ಏಳವ್ವಾ, ಡಾಕ್ಟ್ರು ಎಷ್ಟು ದಿನ ಅಂದ್ರು?"

ಹುಡುಗಿ ಬಿದ್ದು ಬಿದ್ದು ನಕ್ಕಳು. "ಉಪ್ಪಿನ್ಕಾಯಿ ಬುಡ್ಸಿ ಅಂದ್ರು ಕಣಜ್ಜಿ! ನಿನ್ ಮುಂದೆ ಅಂದ್ರೆ ಜಗಳಕ್ಕೇ ನಿಲ್ತೀಯ ಅಂತ ಅಪ್ಪ ಮುಚ್ಚಿಟ್ರು."

ಪೂರ್ತಿ ನಂಬದೆಯೇ ಅಡಿಗೆಮನೆಯ ಕಿಟಕಿಯ ಪಕ್ಕ ಕೂತೆ. ಬರಿಗೈಯಲ್ಲಿ ಕೂರಲಾರೆನೆಂದು ಅವರೆಕಾಯಿ ಬಿಡಿಸತೊಡಗಿದೆ. ಮೂರು ದಿನ ಬೆಳಗ್ಗೆ ಬರೆದಳು. ಕಡೆಗೆ ನೋಡಿದರೆ ನನ್ನ ಕೆನ್ನೆಗೂ ಹಸಿರು!

"ನಂಗ್ಯಾವಾಗ್ಲೇ ಕಾಮಾಲೆ ಬಂದಿತ್ತು?"

"ಆಚೆ ನೋಡಜ್ಜಿ."

ಕಿಟಕಿಯಾಚೆ ಕಬ್ಬಿನ ಗದ್ದೆ. ಅದರ ಹಸಿರು ಬೆಳಕು ಇಷ್ಟು ವರ್ಷವೂ ನನ್ನ ಮುಖದ ಮೇಲೆ ಬೀಳುತ್ತಿತ್ತಂತೆ, ನನಗೇ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಹೆಣ್ಣು ನೋಡಲು ನನ್ನ ತವರು ಮಳವಳ್ಳಿಗೆ ಬಂದ ನಿಮ್ಮ ತಾತನ ಕಡೆಯವರು ನನ್ನನ್ನು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ನೋಡಿದ್ದರು. ಆಮೇಲೆ ಮೂರು ದಿನ ಕೂತು ನೋಡಿದವಳು ಇವಳೊಬ್ಬಳೇ.