ಆಪಾನ ಮನೆಯ ಸುರಕುಂಬಾ

ಮದುವೆಯಾಗಿ ವಾಡಿ ಊರಿಗೆ ಬಂದಾಗ ನಾವು ಹಿಡಿದ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ ಇತ್ತು. ಗೋಡೆಯಾಚೆ ಇದ್ದ ಹೆಂಗಸನ್ನು ಓಣಿಯೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿತ್ತು. ನಾನೂ ಹಾಗೇ ಕರೆದೆ. ಅವರ ಗಂಡ ನೆಲಕ್ಕೆ ಹಾಸುವ ಶಹಾಬಾದದ ಫರಸಿ ಕಲ್ಲುಗಳನ್ನು ತಮ್ಮ ಸಣ್ಣ ಟೆಂಪೊದಲ್ಲಿ ಹೇರಿಕೊಂಡು, ಸೇಡಂ ಕಡೆ ಹೊಸದಾಗಿ ಕಟ್ಟುವ ಮನೆಗಳಿಗೆ ಮುಟ್ಟಿಸುತ್ತಿದ್ದರು. ನನ್ನ ಗಂಡ ಗೂಡ್ಸ್ ಗಾಡಿಯ ಗಾರ್ಡ್. ಯಾವಾಗ ಬರುತ್ತಾರೆ, ಯಾವಾಗ ಹೋಗುತ್ತಾರೆ ಎಂಬುದು ನನಗೂ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ನಾನು ಪಾಠ ಹೇಳಲು ಶಾಲೆಗೆ ಹೋದರೆ ಮನೆಯಲ್ಲಿ ಅತ್ತೆ, ಆಮೇಲೆ ಹುಟ್ಟಿದ ಮಗಳು.

ಮಗಳು ಗೋಡೆಯ ಆ ಕಡೆಯೇ ಹೆಚ್ಚು ಬೆಳೆದಳು. ರಂಜಾನ್ ತಿಂಗಳು ಬಂತೆಂದರೆ ಸಂಜೆ ಅವಳು ನಮ್ಮ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಆಪಾ ಊಟಕ್ಕೆ ನೆಲದ ಮೇಲೆ ದಸ್ತರಖಾನ್ ಬಟ್ಟೆ ಹಾಸುತ್ತಿದ್ದಂತೆ, ಮಧ್ಯಾಹ್ನ ಹೊಟ್ಟೆ ತುಂಬ ಉಂಡಿದ್ದ ಈ ಹುಡುಗಿ ತಾನೂ ಉಪವಾಸವಿದ್ದವಳ ಹಾಗೆ ಕಾಲು ಮಡಚಿ ಕುಳಿತು, ಅಂಗೈಯಲ್ಲಿ ಒಂದು ಖಜೂರ ಇಟ್ಟುಕೊಂಡು ಮಸೀದಿಯ ಬಾಂಗ್ ಕೇಳಿಸುವುದನ್ನೇ ಕಾಯುತ್ತಿದ್ದಳು. ಒಂದೊಂದು ದಿನ ಮಣ್ಣಿನ ಬಟ್ಟಲಲ್ಲಿ ಅಕ್ಕಿ ಹಾಲಿನ ಫಿರ್ನಿ, ಶುಕ್ರವಾರವಾದರೆ ತುಪ್ಪದಲ್ಲಿ ಕರಿದ ಬ್ರೆಡ್ಡನ್ನು ಹಾಲು ಸಕ್ಕರೆಯಲ್ಲಿ ನೆನೆಸಿದ ಡಬಲ್ ಕಾ ಮೀಠಾ. ಹಬ್ಬದ ದಿನ ಮಾತ್ರ ಸುರಕುಂಬಾ. ಬೇರೆ ಕಡೆಯವರು ಅದನ್ನು ಶೀರ್ ಖುರ್ಮಾ ಅನ್ನುತ್ತಾರೆ. ನಮ್ಮ ಕಡೆ ಅದು ಸುರಕುಂಬಾನೇ. ಚಿತ್ತಾಪುರ ಸೀಮೆಯ ಹೊಳೆ ದಂಡೆಯ ನನ್ನ ತವರಿಗೂ ಅದು ಮುಚ್ಚಳದ ಡಬ್ಬಿಯಲ್ಲಿ ಬರುತ್ತಿತ್ತು. ಆದರೆ ಒಲೆಯ ಮೇಲೆ ಹಾಲು ಬತ್ತುತ್ತಾ ಬತ್ತುತ್ತಾ ಕೆನೆಬಣ್ಣಕ್ಕೆ ತಿರುಗುವುದನ್ನು, ತುಪ್ಪದಲ್ಲಿ ಹುರಿದ ಸಣ್ಣ ಶ್ಯಾವಿಗೆ ಅದರೊಳಗೆ ಬೀಳುವುದನ್ನು ನಾನು ನೋಡಿದ್ದು ಆಪಾನ ಅಡುಗೆಮನೆಯಲ್ಲೇ.

ನಮ್ಮ ಅತ್ತೆ ಚಿಂಚೋಳಿ ತಾಲ್ಲೂಕಿನ ಹಳ್ಳಿಯವರು. ಆ ಮನೆಯಿಂದ ಬಂದದ್ದನ್ನು ಅವರು ಬಾಯಿಗೆ ಹಾಕುತ್ತಿರಲಿಲ್ಲ. ಬೇಡವೆಂದು ಯಾರಿಗೂ ಹೇಳುತ್ತಲೂ ಇರಲಿಲ್ಲ. “ನನಗ ಸಿಹಿ ಆಗಲ್ಲವ್ವ” ಎನ್ನುತ್ತಿದ್ದರು. ಹೋಳಿಗೆ ಮಾತ್ರ ಆಗುತ್ತಿತ್ತು. ಇದು ಆಪಾಗೂ ಗೊತ್ತಿತ್ತು. ಆದರೂ ಪ್ರತಿ ಹಬ್ಬಕ್ಕೂ ನಮ್ಮ ಮನೆಗೆ ಬರುವ ಬಟ್ಟಲುಗಳಲ್ಲಿ ಅತ್ತೆಯ ಪಾಲಿನದೂ ಒಂದಿರುತ್ತಿತ್ತು.

ಮಗಳು ಒಂದನೇ ತರಗತಿಯಲ್ಲಿದ್ದ ವರ್ಷ, ಹಬ್ಬದ ಬೆಳಿಗ್ಗೆ, ನಮಾಜು ಮುಗಿಸಿ ಗಂಡಸರು ಮನೆಗೆ ಬಂದ ಸ್ವಲ್ಪ ಹೊತ್ತಿಗೆ ಅವಳು ಆಪಾನ ಮನೆಯಿಂದ ತುಟಿ ಒರೆಸಿಕೊಳ್ಳುತ್ತಾ ಬಂದಳು. “ಮಮ್ಮಿ, ಗಂಟಲದಾಗ ಏನೋ ಕಡೀತದ” ಅಂದಳು. ನೋಡಿದರೆ ಮೇಲಿನ ತುಟಿ ಊದಿತ್ತು. ಕುತ್ತಿಗೆಯ ಮೇಲೆ ಕೆಂಪು ದದ್ದು. ನಾನು ನೀರು ತರುವಷ್ಟರಲ್ಲಿ ಕಣ್ಣಿನ ರೆಪ್ಪೆಗಳೂ ಊದಿದ್ದವು, ಉಸಿರಾಡಿದರೆ ಸಿಳ್ಳೆ ಹಾಕಿದಂಥ ಸದ್ದು. ಗಂಡ ಡ್ಯೂಟಿ ಮೇಲೆ ಎಲ್ಲಿಯೋ ಇದ್ದರು. ನಾನು ಗೋಡೆ ಬಡಿದು “ಆಪಾ” ಎಂದು ಕೂಗಿದೆ.

ಅವರು ಬಂದು ಮಗುವನ್ನು ಒಮ್ಮೆ ನೋಡಿ, ಏನೂ ಕೇಳದೆ ಎತ್ತಿಕೊಂಡು ಹೊರಗೆ ನಡೆದರು. ಮನೆ ತುಂಬ ನೆಂಟರಿದ್ದರು. ಅವರ ಗಂಡ ಹೊಸ ಬಿಳಿ ಜುಬ್ಬಾದಲ್ಲೇ ಟೆಂಪೊ ಹತ್ತಿದರು. ಮುಂದಿನ ಒಂದೇ ಸೀಟಿನಲ್ಲಿ ನಾವಿಬ್ಬರೂ ಒತ್ತಿ ಕುಳಿತೆವು, ಮಗು ನಮ್ಮಿಬ್ಬರ ತೊಡೆಯ ಮೇಲೆ. ಶಹಾಬಾದದ ದವಾಖಾನೆ ಮುಟ್ಟುವವರೆಗೂ ಆಪಾ ದುವಾ ಓದುತ್ತಲೇ ಇದ್ದರು. ನಾನು ಮಗಳ ಎದೆ ಏರಿಳಿಯುವುದನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ದವಾಖಾನೆಯಲ್ಲಿದ್ದ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವಿನ ತೊಡೆಗೆ ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಆಕ್ಸಿಜನ್ ಹಿಡಿದು, ಆಮೇಲೆ ನಮ್ಮ ಕಡೆ ತಿರುಗಿದರು.

“ಏನ್ ತಿಂದಾಳ ಮುಂಜಾನಿಂದ?”

“ನಮ್ಮ ಮನ್ಯಾಗ ಸುರಕುಂಬಾ ತಿಂದಾಳ್ರಿ” ಅಂದರು ಆಪಾ. ದುಪಟ್ಟಾದ ತುದಿ ಮುಷ್ಟಿಯಲ್ಲಿತ್ತು. “ಹಾಲು, ಸಕ್ರಿ, ಶ್ಯಾವಿಗಿ, ಖಜೂರ, ಚಾರೋಳಿ, ಗೋಡಂಬಿ, ಬದಾಮಿ, ಒಣ ಕೊಬ್ರಿ. ಎಲ್ಲಾ ಹೋದ ವರ್ಷ ಹಾಕಿದ್ದೇ ಅದಾವ್ರಿ.”

“ಹೊಸದು ಏನೂ ಹಾಕಿಲ್ಲೇನು? ನೆನಪು ಮಾಡ್ಕೋರಿ.”

ಆಪಾ ಬೆರಳು ಮಡಚುತ್ತಾ ಒಂದೊಂದೇ ಮತ್ತೆ ಎಣಿಸಿದರು. ಆಮೇಲೆ ಸಣ್ಣ ದನಿಯಲ್ಲಿ, “ಅಕ್ರೋಟ್ ಹಾಕೀನ್ರಿ. ಹೈದರಾಬಾದಿಗೆ ಕೊಟ್ಟ ನನ್ನ ಮಗಳು ಹಬ್ಬಕ್ಕ ಬರುವಾಗ ತಂದಿದ್ಳು” ಅಂದರು.

“ಅಕ್ರೋಟ್ ಮೊದಲು ಯಾವಾಗರೆ ತಿಂದಾಳೇನು?” ಎಂದು ಡಾಕ್ಟರು ನನ್ನನ್ನು ಕೇಳಿದರು. ಇಲ್ಲವೆಂದೆ. ನಮ್ಮ ಮನೆಗೆ ಅದು ಬಂದದ್ದೇ ಇಲ್ಲ.

“ಹಂಗಾದ್ರ ಅದೇ ಇರಬಹುದು. ಕೆಲವರ ಮೈಗೆ ಆಗಲ್ಲ. ಯಾರದೂ ತಪ್ಪಲ್ಲ ಇದು. ಜಲ್ದಿ ತಂದ್ರಿ, ಚಲೋ ಆಯ್ತು.”

ಮಧ್ಯಾಹ್ನದ ಹೊತ್ತಿಗೆ ಮಗಳ ಮುಖ ಅವಳದೇ ಮುಖವಾಯಿತು. ಎದ್ದು ಕುಳಿತು ಹಸಿವೆ ಅಂದಳು. ನನಗೆ ಅಳು ಬಂದದ್ದು ಆಗಲೇ. ಆಪಾ ಮಾತ್ರ ಅಳಲಿಲ್ಲ. ಬೆಂಚಿನ ಮೇಲೆ ಕೈಕಟ್ಟಿ ಕುಳಿತು ನೆಲ ನೋಡುತ್ತಿದ್ದರು.

ಸಂಜೆ ವಾಪಸು ಬಂದಾಗ ಓಣಿಯ ಬಾಯಲ್ಲಿ ಜನ ನಿಂತಿದ್ದರು. ಪಾನ್ ಅಂಗಡಿ ಹತ್ತಿರ ಇದ್ದ ಒಬ್ಬಾತ ನನ್ನನ್ನು ತಡೆದು, “ಏನ್ ತಿನಸಿದ್ರಂತ್ರಿ ಕೂಸಿಗೆ?” ಎಂದು ಕೇಳಿದ. ಕೇಳಿದ ರೀತಿಯಲ್ಲಿ ಮಗುವಿನ ಚಿಂತೆ ಕಡಿಮೆಯಿತ್ತು. ಈ ಮಾತು ಆಪಾನ ಮನೆಯವರ ಮೇಲೆ ತಿರುಗೀತೆಂದು ಬೆಳಿಗ್ಗೆಯದಲ್ಲದ ಇನ್ನೊಂದು ಭಯ ಎದ್ದಿತು. ಶಾಲೆಯಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಬೇಕೆಂದಾಗ ಎತ್ತುವ ದನಿಯಲ್ಲಿ ಹೇಳಿದೆ: “ಅಕ್ರೋಟ್ ತಿಂದಾಳ. ಆಕಿ ಮೈಗೆ ಅದು ಒಗ್ಗಲ್ಲಂತ ಡಾಕ್ಟರ್ ಹೇಳ್ಯಾರ. ಜೀವ ಉಳಿಸಿ ತಂದವರು ಆಪಾ.” ಆತ ತಲೆಯಾಡಿಸಿದ. ಜನ ಚದುರಿದರು. ಮರುದಿನ ಯಾರೂ ಆ ಮಾತು ಎತ್ತಲಿಲ್ಲ. ಆಮೇಲೂ ಎತ್ತಲಿಲ್ಲ. ಆ ಭಯ ಅಷ್ಟಕ್ಕೇ ಕರಗಿತು.

ಆದರೆ ಆಪಾ ಬದಲಾದರು. ಬಾಗಿಲಲ್ಲಿ ಸಿಕ್ಕರೆ ಮಾತಾಡುತ್ತಿದ್ದರು, ಮಗಳ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದರು, ತಿನ್ನಲು ಮಾತ್ರ ಏನೂ ಕೊಡುತ್ತಿರಲಿಲ್ಲ. ಮುಂದಿನ ರಂಜಾನ್ ಬಂತು. ಮಗಳು ಮೊದಲಿನಂತೆ ದಸ್ತರಖಾನದ ಅಂಚಿನಲ್ಲಿ ಹೋಗಿ ಕುಳಿತರೆ, ಆಪಾ ಅವಳಿಗೆ ಸಿಪ್ಪೆ ಸುಲಿಯದ ಬಾಳೆಹಣ್ಣು ಕೊಟ್ಟು ಕಳಿಸಿದರು. ಮರುದಿನವೂ ಬಾಳೆಹಣ್ಣು. ತಮ್ಮ ಕೈ ತಾಗಿದ್ದು ಏನೂ ಅವಳ ಬಾಯಿಗೆ ಹೋಗಬಾರದೆಂದು ಅವರು ನಿಶ್ಚಯಿಸಿದಂತಿತ್ತು. ಒಂದು ಸಂಜೆ ಮಗಳು ಹಣ್ಣನ್ನು ಹಾಗೇ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ಆಪಾಗ ನನ್ನ ಮ್ಯಾಲೆ ಸಿಟ್ಟು ಅದ” ಅಂದಳು.

ಅಷ್ಟರಲ್ಲಿ ಅವಳನ್ನು ಕಲಬುರಗಿಗೆ ಕರೆದೊಯ್ದು ಪರೀಕ್ಷೆ ಮಾಡಿಸಿದ್ದೆವು. ಅಕ್ರೋಟ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ತಿನ್ನಬಹುದು ಎಂದಿದ್ದರು, ತುರ್ತಿಗೆ ಮನೆಯಲ್ಲಿ ಇಡಬೇಕಾದ ಔಷಧವನ್ನೂ ಕೊಟ್ಟಿದ್ದರು. ಇದನ್ನು ಆಪಾಗೆ ಎರಡು ಮೂರು ಸಲ ಹೇಳಿದ್ದೆ. ಪ್ರತಿ ಸಲವೂ “ಅಲ್ಲಾ ಆಕಿನ್ನ ಚಲೋ ಇಡಲಿ” ಎಂದು ಮಾತು ಬದಲಿಸಿದ್ದರು.

ಹಬ್ಬದ ಹಿಂದಿನ ದಿನ ನಾನು ಹೋಗಿ ಅಡುಗೆಮನೆಯಲ್ಲೇ ಕುಳಿತೆ.

“ನಾಳೆ ನಮ್ಮ ಮನಿಗೆ ಸುರಕುಂಬಾ ಬರಬೇಕು ಆಪಾ.”

“ಬ್ಯಾಡ್ರಿ ಟೀಚರ್” ಅಂದರು. “ನಿಮಗ ಹೇಳ್ಲಿಕ್ಕ ಸಸಾರ ಅದ. ಆ ಕೂಸು ನನ್ನ ತೊಡಿ ಮ್ಯಾಲ ಉಸುರಿಗೆ ಒದ್ದಾಡಿದ್ದು ಇನ್ನೂ ಕಣ್ಣಾಗ ಅದ.”

“ಮನ್ಯಾಗ ಅಕ್ರೋಟೇ ಇಲ್ಲಲ್ರಿ ಈಗ.”

“ಇಲ್ಲ ಖರೆ. ಆದ್ರೂ ಬ್ಯಾಡ.”

ನಾನು ಎದ್ದು ಬಂದೆ. ಗೋಡೆಯಾಚೆಯ ಮಾತೆಲ್ಲ ಅತ್ತೆಗೆ ಕೇಳಿಸಿತ್ತು. ಅವರು ಅಟ್ಟದ ಡಬ್ಬಿ ಇಳಿಸಿ, ಬೇಸಿಗೆಯಲ್ಲಿ ತಾವೇ ಹೊಸೆದು ಒಣಗಿಸಿದ್ದ ಕೈ ಶ್ಯಾವಿಗೆಯನ್ನು ಸೆರಗಿನಲ್ಲಿ ಹಾಕಿಕೊಂಡು ಹೊರಟರು. ಇಷ್ಟು ವರ್ಷಗಳಲ್ಲಿ ಆ ಮನೆಯ ಹೊಸ್ತಿಲು ಅವರು ದಾಟಿರಲಿಲ್ಲ. ನಾನು ಹಿಂದೆಯೇ ಹೋದೆ.

ಅತ್ತೆ ಸೀದಾ ಅಡುಗೆಮನೆಗೆ ನಡೆದು ಫರಸಿಯ ಮೇಲೆ ಕುಳಿತರು. “ಖಜೂರ ಎಲ್ಲವ?” ಎಂದು ಕೇಳಿದರು.

ಆಪಾ ನನ್ನ ಮುಖ ನೋಡಿದರು.

“ಖಜೂರ ಕೊಡವ್ವ. ಬೀಜ ತೆಗಿತೀನಿ. ನೀ ಮಾಡು, ನಾ ಬಾಜೂಕ ಕುಂತಿರ್ತೀನಿ. ಏನೇನ್ ಹಾಕ್ತಿ ನಾನೂ ನೋಡ್ತೀನಿ. ಮೊದಲ ನಾ ತಿಂತೀನಿ, ಆಮ್ಯಾಲ ಕೂಸಿಗಿ.”

“ನಿಮಗ ಸಿಹಿ ಆಗಲ್ಲಲ್ರಿ ಅಮ್ಮಾ” ಅಂದರು ಆಪಾ. ಅವರ ದನಿಯಲ್ಲಿ ಕುಚೋದ್ಯವಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಾಗಿಲ್ಲ.

“ಈಗ ಆಗ್ತದ” ಅಂದರು ಅತ್ತೆ.

ಆಪಾ ಖಜೂರದ ಬಟ್ಟಲು ತಂದು ಅವರ ಮುಂದಿಟ್ಟರು. ಅಂದೇ ಬೀಜ ತೆಗೆದು, ಬದಾಮಿ ನೆನೆಹಾಕಿ, ಚಾರೋಳಿ ಆರಿಸಿ ಇಟ್ಟೆವು. ಪಾತ್ರೆ, ಸೌಟು, ಒರಳು ಎಲ್ಲವನ್ನೂ ಆಪಾ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದರು. ಸಾಕು ಅಂದರೂ ಬಿಡಲಿಲ್ಲ.

ಬೆಳಿಗ್ಗೆ ಹಾಲು ಕಾಯಿಸಲು ಇಟ್ಟಾಗ ನಾವು ಮೂವರೂ ಒಲೆಯ ಸುತ್ತ ಇದ್ದೆವು. ಅತ್ತೆಯ ಶ್ಯಾವಿಗೆ ಅಂಗಡಿಯದಕ್ಕಿಂತ ದಪ್ಪ. ಅದು ಬೇಗ ಬೇಯುತ್ತಿಲ್ಲವೆಂದು ಆಪಾ ಸ್ವಲ್ಪ ಗೊಣಗಿದರು, ಅತ್ತೆ ಬೆಂಕಿ ಕಡಿಮೆಯಾಯಿತೆಂದು ಗೊಣಗಿದರು. ಆ ಗೊಣಗಾಟ ಕೇಳುತ್ತಾ ನನಗೆ ಎಷ್ಟೋ ತಿಂಗಳ ಮೇಲೆ ಹಗುರವೆನಿಸಿತು. ಅತ್ತೆ ಮೊದಲ ಬಟ್ಟಲು ತಿಂದು ಮುಗಿಸಿ, “ಸಕ್ರಿ ಸ್ವಲ್ಪ ಹೆಚ್ಚಾಗ್ಯಾದ” ಅಂದರು. ಎರಡನೆಯದು ಮಗಳಿಗೆ.

ಅವಳು ತಿನ್ನುತ್ತಿದ್ದಷ್ಟು ಹೊತ್ತೂ ನಮ್ಮ ಕಣ್ಣು ಅವಳ ತುಟಿಯ ಮೇಲೆ. ಆಪಾ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು, ಕುತ್ತಿಗೆ ನೋಡಿದರು, “ಗಂಟಲದಾಗ ಕಡೀತದೇನ್ ಬೇಟಾ?” ಎಂದು ಕೇಳಿದರು. “ಇಲ್ಲ” ಅಂದಳು. ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ಮಗಳು ಬೇಸತ್ತು, “ನನಗ ಇನ್ನೊಂದು ಬಟ್ಟಲು ಕೊಡ್ತೀಯೋ ಇಲ್ಲೋ?” ಅಂದಳು. ಆಪಾ ಬಡಿಸಲು ಹೋದವರು ಹಾಗೇ ಕುಸಿದು ಕುಳಿತು, ಮುಖವನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಅತ್ತರು. ಹೋದ ವರ್ಷ ದವಾಖಾನೆಯಲ್ಲಿ ಅಳದೆ ಉಳಿದಿದ್ದ ಅಳು ಅದು. ಅತ್ತೆ ಅವರ ಬೆನ್ನ ಮೇಲೆ ಕೈಯಿಟ್ಟು, “ಆಯ್ತು ಬಿಡು, ಆಯ್ತು” ಎನ್ನುತ್ತಾ ಕುಳಿತರು. ಬಟ್ಟಲು ನಾನೇ ತುಂಬಿಸಿದೆ.

ಅಂದು ಮಧ್ಯಾಹ್ನ ನೆಂಟರ ಮೊದಲ ಗುಂಪು ಹೋದ ಮೇಲೆ ನಮಗೆ ತಡೆಯಲಾರದ ನಿದ್ದೆ ಬಂತು. ಫರಸಿ ತಣ್ಣಗಿತ್ತು. ಮೂವರೂ ಅಲ್ಲೇ, ಆಪಾನ ಪಡಸಾಲೆಯಲ್ಲೇ ಉರುಳಿದೆವು. ಅತ್ತೆ ಗೊರಕೆ ಹೊಡೆಯತೊಡಗಿದರು. ಯಾರೋ ಬಾಗಿಲಲ್ಲಿ ಬಂದು ಹಬ್ಬದ ಸಲಾಂ ಹೇಳಿದ್ದು ಅರೆನಿದ್ದೆಯಲ್ಲಿ ಕೇಳಿಸಿತು. ಏಳಬೇಕೆಂದುಕೊಂಡೆ, ಏಳಲಿಲ್ಲ. “ಎಲ್ಲಾರೂ ಮಲಗ್ಯಾರ, ನೀವು ಕುಂದುರ್ರಿ, ಸುರಕುಂಬಾ ನಾ ಕೊಡ್ತೀನಿ” ಎಂದು ಮಗಳು ಪಿಸುದನಿಯಲ್ಲಿ ಹೇಳುತ್ತಿದ್ದಳು.